ವಿಷಕ್ಕೆ ಉಣಿಸಿದ ಕಂಚುಗಾರ

ಮರಿದೇವನೆಂಬ ಶಿಷ್ಯ ಕೇಳಿದ: "ಗುರುಗಳೇ, ನನ್ನ ತಮ್ಮ ಬಾಯಿ ತೆರೆದರೆ ವಿಷ. ಗದರಿಸಿ ನೋಡಿದೆ, ದೂರ ಇಟ್ಟೂ ನೋಡಿದೆ. ಒಂದೂ ನಾಟಲಿಲ್ಲ. ಇಂಥ ವಿಷವನ್ನು ಕಳೆಯುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಕಂಚುಗಾರನಿದ್ದ. ದೀಪ, ಗಂಟೆ, ತಂಬಿಗೆ ಮಾಡುತ್ತಿದ್ದ. ಹೊಳಪು ಕೊಡುವ ಮೊದಲು ಜಿಡ್ಡು ತೆಗೆಯಲು ಪೀಪಾಯಿಯಲ್ಲಿ ಬರುತ್ತಿದ್ದ ಒಂದು ದ್ರವವನ್ನು ಬಳಸುತ್ತಿದ್ದ. ನೋಡಲು ನೀರಿನಂತೆ ತಿಳಿ, ಮೂಗಿಗೆ ಸಿಹಿ. ಬಳಸಿ ಉಳಿದದ್ದನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದ. ಮಣ್ಣು ಕುಡಿದುಬಿಡುತ್ತಿತ್ತು. ಅಲ್ಲಿಗೆ ಮುಗಿಯಿತೆಂದೇ ಅವನು ತಿಳಿದಿದ್ದ.

ಅವನ ಹಿತ್ತಲಿಗೆ ಅಂಟಿಕೊಂಡು ಒಬ್ಬ ಹೆಂಗಸು ಖಾನಾವಳಿ ನಡೆಸುತ್ತಿದ್ದಳು. ಅವಳ ಬಾವಿಯ ನೀರಿನಲ್ಲೇ ಅಡಿಗೆ. ಒಂದು ಬೇಸಿಗೆಯಲ್ಲಿ ಊಟಕ್ಕೆ ಬಂದವರು ಲೋಟವನ್ನು ಮೂಗಿನ ಬಳಿ ತಂದು ಕೆಳಗಿಡತೊಡಗಿದರು. ಅಲ್ಲಿ ದಿನವೂ ಉಣ್ಣುತ್ತಿದ್ದ ಕಾಲೇಜಿನ ಮೇಡಂ ಒಬ್ಬಳು, ರಸಾಯನಶಾಸ್ತ್ರ ಕಲಿಸುವವಳು, ಆ ನೀರನ್ನು ಸೀಸೆಯಲ್ಲಿ ಒಯ್ದು ಪರೀಕ್ಷಿಸಿದಳು. ಮರಳಿ ಬಂದು, "ಒಲೆ ಆರಿಸಿ. ಇದರಲ್ಲಿ ಕ್ಲೋರಿನ್ ಹೊತ್ತ ವಿಷವಿದೆ. ಪಕ್ಕದ ಹಿತ್ತಲಿನ ಗುಂಡಿಯಿಂದ ಇಳಿದು ಬಂದದ್ದು" ಎಂದಳು.

ಖಾನಾವಳಿಯವಳು ಜಗಳಕ್ಕೆ ಬರಲಿಲ್ಲ. ಖಾಲಿ ಕೊಡವೊಂದನ್ನು ತಂದು ಕಂಚುಗಾರನ ಅಂಗಡಿಯ ಮುಂದೆ ಇಟ್ಟು ಹೋದಳು.

ಮೇಡಂ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು, ಕೊಡದ ಅರ್ಥ ತಿಳಿಯಿತು. ಗುಂಡಿ ಮುಚ್ಚಿದ. ಬಾವಿಯ ನೀರನ್ನು ಸೇದಿ ಹಂಡೆಯಲ್ಲಿ ಕುದಿಸಿದ. ವಿಷ ನೀರನ್ನು ಬಿಟ್ಟು ಗಾಳಿಗೇರಿತು. ಅದರ ಆವಿಗೆ ಅವನ ಮಗಳೇ ತಲೆ ಹಿಡಿದುಕೊಂಡು ಕೂತಳು. ಇದ್ದಿಲಿನಲ್ಲಿ ಸೋಸಿದ. ನೀರಿನ ವಾಸನೆಯೇನೋ ಹೋಯಿತು. ಆದರೆ ವಿಷವೆಲ್ಲ ಇದ್ದಿಲಿನಲ್ಲಿ ಕೂತಿತು. ಆ ಇದ್ದಿಲನ್ನು ಇನ್ನು ಯಾರ ಹಿತ್ತಲಿಗೆ ಹಾಕುವುದು?

ಸೋತು ಮೇಡಂ ಬಳಿಗೆ ಹೋದ.

"ಇದನ್ನು ಕೊಲ್ಲುವುದು ಹೇಗೆ ತಾಯಿ?"

"ಕೊಲ್ಲುವ ಮಾತಿರಲಿ. ಇದರೊಳಗಿನ ಕ್ಲೋರಿನ್ನಿಗೆ ಎಲೆಕ್ಟ್ರಾನಿನ ಹಸಿವು. ತನ್ನದೆನ್ನುವುದು ಸಾಲದೆ, ಕಾರ್ಬನ್ನಿನ ಪಾಲಿಗೆ ಕೈಹಾಕಿ ಅದನ್ನು ಬಿಗಿಯಾಗಿ ಹಿಡಿದು ಕೂತಿದೆ. ನಾವೇ ಕೊಟ್ಟರೆ ಹಿಡಿತ ಬಿಡುತ್ತದೆ."

"ವಿಷಕ್ಕೆ ಉಣಿಸುವುದೇ!"

"ಉಣಿಸಿ ನೋಡೋಣ."

ಅವನಿಗೆ ನಂಬಿಕೆ ಬರಲಿಲ್ಲ, ಕುತೂಹಲ ಮಾತ್ರ ಬಂತು. ತಾಮ್ರವನ್ನು ತೆಳ್ಳಗೆ ಬಡಿದು ತಗಡು ಮಾಡಿ ತಂದ. ಮೇಡಂ ಬಾವಿಯ ನೀರು ತುಂಬಿದ ತೊಟ್ಟಿಯಲ್ಲಿ ಒಂದು ಕಡೆ ಆ ತಗಡನ್ನು, ಇನ್ನೊಂದು ಕಡೆ ಬೇರೊಂದು ತಗಡನ್ನು ಇಳಿಸಿ, ನಡುವೆ ಪರದೆ ಕಟ್ಟಿ, ತಾಮ್ರದ ಮೂಲಕ ಎಲೆಕ್ಟ್ರಾನು ಹರಿದು ಬರುವಂತೆ ಬ್ಯಾಟರಿಯ ತಂತಿ ಜೋಡಿಸಿದಳು. ತಾಮ್ರದ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಅಷ್ಟೇ. ಅವನು ಮಣೆ ಎಳೆದುಕೊಂಡು ಅಲ್ಲೇ ಕೂತ. ವಿಷ ಹಿಡಿತ ಬಿಟ್ಟ ಮೇಲೆ ಏನಾಗುತ್ತದೆ ಎಂಬುದು ಅವನಿಗೆ ತಿಳಿಯಬೇಕಿತ್ತು.

ಬಿಡಿಸಿಕೊಂಡ ಕ್ಲೋರಿನ್ನನ್ನು ತೋರಿಸುವ ಮದ್ದೊಂದನ್ನು ಮೇಡಂ ಬೆಳಿಗ್ಗೆಯೇ ಆ ನೀರಿಗೆ ಹಾಕಿ ನೋಡಿದ್ದಳು; ಸಂಜೆ ಮತ್ತೆ ಅದರ ಹನಿ ಬಿಟ್ಟಳು. ಬೆಳಿಗ್ಗೆಗಿಂತ ದಟ್ಟವಾಗಿ ಬಿಳಿ ಮೋಡ ಕಟ್ಟಿತು. "ಬಿಡಿಸಿಕೊಂಡ ಕ್ಲೋರಿನ್ ಇದು. ನಿಮ್ಮ ಅಡಿಗೆ ಉಪ್ಪಿನಲ್ಲಿರುವುದೂ ಇದೇ ರೂಪ. ಉಳಿದದ್ದು ಗುಳ್ಳೆಯಾಗಿ ಮೇಲೇರುತ್ತಿದೆ. ಕಾಯಿ ಹಣ್ಣಾಗುವಾಗ ಬಿಡುವ ಅನಿಲವೂ ಅದರಲ್ಲಿದೆ."

ಇದನ್ನಂತೂ ಅವನು ಪರೀಕ್ಷಿಸದೆ ಬಿಡಲಿಲ್ಲ. ಒಂದೇ ಚಿಪ್ಪಿನಿಂದ ಎರಡು ಬಾಳೆಕಾಯಿ ಮುರಿದ. ಒಂದನ್ನು ಗುಳ್ಳೆಯ ಅನಿಲ ಹಾಯುವ ಜಾಡಿಯಲ್ಲಿಟ್ಟ, ಇನ್ನೊಂದನ್ನು ಬರಿಯ ಜಾಡಿಯಲ್ಲಿ. ಬರಿಯ ಜಾಡಿಯದು ಹಸಿರಾಗಿಯೇ ಇರುವಾಗ ಮೊದಲಿನದು ಹಳದಿ ತಿರುಗಿತು. ಅವನು ಎರಡನ್ನೂ ಹಿಡಿದು ಖಾನಾವಳಿಗೆ ಓಡಿದ. ಆ ಹೆಂಗಸು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ತಿನ್ನಬೇಡಿ, ನೋಡಿ ಸಾಕು" ಎಂದ.

"ನಿನ್ನ ವಿಷ ಹೀಗೂ ಆಗುತ್ತದೆಯೇನೋ!" ಎಂದಳು. ಕೊಡ ಇಟ್ಟುಹೋದ ಮೇಲೆ ಅವನೊಡನೆ ಅವಳಾಡಿದ ಮೊದಲ ಮಾತು ಅದು.

ಬಾವಿ ಸುಲಭಕ್ಕೆ ಒಪ್ಪಲಿಲ್ಲ. ಒಂದಿಷ್ಟು ನೀರು ಶುದ್ಧವಾದರೆ ಮಣ್ಣು ಮತ್ತೆ ವಿಷ ಬಿಡುತ್ತಿತ್ತು. ತಗಡು ಕಿಟ್ಟ ಕಟ್ಟುತ್ತಿತ್ತು. ಅವನು ಕೆರೆದು ಮತ್ತೆ ಇಳಿಸುತ್ತಿದ್ದ. ಹೊಸ ತಗಡು ಬಡಿಯುತ್ತಿದ್ದ. ಎರಡು ಮಳೆಗಾಲ ಕಳೆದ ಮೇಲೆ ಮೇಡಂ ಪರೀಕ್ಷೆ ಮುಗಿಸಿ ತಲೆಯಾಡಿಸಿದಳು. ಖಾನಾವಳಿಯವಳು ಬಾವಿಯಿಂದ ಸೇದಿ ಮೊದಲ ಲೋಟವನ್ನು ತಾನು ಕುಡಿದಳು. ಎರಡನೆಯದನ್ನು ಕಂಚುಗಾರನಿಗೆ ಕೊಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ವಿಷ ಕಾರುವವನಿಗೆ ನಾನೇ ಕೊಡಬೇಕೇ?" ಎಂದ.

ಗುರುಗಳು ಹೇಳಿದರು: "ಕೊಡುವುದು ಆಮೇಲಾಯಿತು, ನಿಮ್ಮ ಮನೆಯಲ್ಲಿ ನಿನಗೆ ಸಿಕ್ಕಿ ಅವನಿಗೆ ಸಿಗದೆ ಹೋದದ್ದು ಏನು?"

ಮರಿದೇವನಿಗೆ ಉತ್ತರ ಗೊತ್ತಿತ್ತು. ಅವನೆದ್ದು ತಮ್ಮನನ್ನು ಕಾಣಲು ಹೊರಟ.