ಮೂರು ಮೂಲೆಯ ಬಟ್ಟೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ತಪ್ಪು ಮಾಡಿದವನು ಮನಸಾರೆ ನೊಂದುಕೊಂಡರೆ ಆ ತಪ್ಪು ತೊಳೆದುಹೋಗುತ್ತದೆಯೇ?"

"ಯಾರ ತಪ್ಪು?" ಎಂದರು ಗುರುಗಳು.

"ಯಾರದಾದರೂ ಸರಿ. ತಿಳಿದುಕೊಳ್ಳೋಣವೆಂದು ಕೇಳಿದೆ."

ಗುರುಗಳು ಒಂದು ಕತೆ ಹೇಳಿದರು.

ಕಾಡಿನ ಅಂಚಿನ ಊರೊಂದರಲ್ಲಿ ದ್ಯಾವಣ್ಣನೆಂಬ ಕೋವಿಗಾರನಿದ್ದ. ಊರಿಗೆ ಸೇರಿದ ಎರಡು ಕೋವಿಗಳು ಅವನ ವಶದಲ್ಲಿದ್ದವು. ಬಾಯಿಯ ಕಡೆಯಿಂದ ಮದ್ದು ತುಂಬುವ ಹಳೆಯ ಕೋವಿಗಳು. ಆನೆಗಳು ಹೊಲಕ್ಕೆ ಇಳಿದರೆ ಈಡು ಹಾರಿಸಿ, ಸದ್ದಿನಿಂದಲೇ ಬೆದರಿಸಿ ಓಡಿಸುವುದು ಅವನ ಕೆಲಸ. ಚೌಡನೆಂಬ ಕುಂಬಾರ ಅವನ ಸ್ನೇಹಿತ. ದ್ಯಾವಣ್ಣ ಒಂದು ಕೋವಿ ಹಾರಿಸುವಷ್ಟರಲ್ಲಿ ಚೌಡ ಇನ್ನೊಂದನ್ನು ತುಂಬಿ ಕೈಗೆ ಕೊಡುತ್ತಿದ್ದ. ಹನ್ನೆರಡು ವರ್ಷ ಹೀಗೆಯೇ ನಡೆದಿತ್ತು.

ಅಂಥ ಕೋವಿಯನ್ನು ಒಂದು ಸಲ ಹಾರಿಸಿದ ಮೇಲೆ ಹಾಗೆಯೇ ಮತ್ತೆ ತುಂಬುವಂತಿಲ್ಲ. ನಳಿಗೆಯ ತಳದಲ್ಲಿ ಮಸಿ ಕಟ್ಟಿರುತ್ತದೆ. ಮಸಿಯೊಳಗೆ ಕಿಡಿ ಉಳಿದಿರಬಹುದು. ಗಜವೆಂಬ ಉದ್ದನೆಯ ಕೋಲಿನ ತುದಿಗೆ ಒದ್ದೆ ಬಟ್ಟೆಯ ತುಂಡು ಸಿಕ್ಕಿಸಿ, ತಳ ಮುಟ್ಟುವವರೆಗೆ ಇಳಿಸಿ, ತಿರುವಿ ಎಳೆಯಬೇಕು. ಬಟ್ಟೆ ದಪ್ಪವಾದರೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ತೆಳುವಾದರೆ ಮಸಿಯನ್ನು ಬಿಟ್ಟು ಜಾರುತ್ತದೆ. ಗಂಜಿಯ ಬಟ್ಟೆ ನೀರು ಹೀರುವುದಿಲ್ಲ.

ಆ ತುಂಡುಗಳನ್ನು ಮಾಡುತ್ತಿದ್ದವಳು ದ್ಯಾವಣ್ಣನ ಹೆಂಡತಿ. ತಾನು ಉಟ್ಟು ಹಳತಾದ ನೂಲಿನ ಸೀರೆಗಳನ್ನು ಬೂದಿನೀರಿನಲ್ಲಿ ಕುದಿಸಿ, ಒಗೆದು, ನೆರಳಿನಲ್ಲಿ ಒಣಗಿಸುತ್ತಿದ್ದಳು. ಒಣಗಿದ ಮೇಲೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಳೆ ಸಡಿಲವಾದ ಕಡೆ ತೆಗೆದುಹಾಕುತ್ತಿದ್ದಳು. ಎರಡು ಕೋವಿಗಳ ಬಾಯಿ ಒಂದೇ ಅಳತೆಯದಲ್ಲ. ಆದ್ದರಿಂದ ಎರಡು ಅಳತೆಯ ತುಂಡುಗಳನ್ನು ಕತ್ತರಿಸಿ ಎರಡು ಚೀಲಗಳಲ್ಲಿ ತುಂಬಿಡುತ್ತಿದ್ದಳು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮಾಡುತ್ತ ಮಾಡುತ್ತ ತಿಳಿದುಕೊಂಡಿದ್ದಳು.

ಒಂದು ವರ್ಷ ಸೀಮೆಯ ಅಧಿಕಾರಿ ಊರೂರಿನ ಕೋವಿಗಳನ್ನು ಪರೀಕ್ಷಿಸುತ್ತ ಬಂದ. ಊರವರೆಲ್ಲ ಸೇರಿದ್ದರು. ದ್ಯಾವಣ್ಣ ಕೋವಿ ಒರೆಸಿ ತೋರಿಸಲು ಚೀಲ ಬಿಚ್ಚಿದ. ಹಸಿರು, ಕೆಂಪು, ಮಾಸಿದ ಹಳದಿ ತುಂಡುಗಳು ನೆಲಕ್ಕೆ ಬಿದ್ದವು. ಅಧಿಕಾರಿಯ ಜೊತೆಗೆ ಬಂದಿದ್ದವನೊಬ್ಬ ನಕ್ಕು ಕೇಳಿದ: "ಈ ಊರಿನ ಕೋವಿಗಳು ಸೀರೆ ಉಡುತ್ತವೆಯೇ?"

ಎಲ್ಲರೂ ನಕ್ಕರು. ದ್ಯಾವಣ್ಣನೂ ನಕ್ಕ. ಕೋವಿಗಳು ಚೊಕ್ಕವಾಗಿವೆ ಎಂದು ಅಧಿಕಾರಿ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಮಾರನೆಯ ದಿನವೇ ಪೇಟೆಗೆ ಹೋಗಿ ಎರಡು ಮೊಳ ಬಿಳಿ ಬಟ್ಟೆ ತಂದ. ಬಿಳಿ ಎಂದರೆ ಹಾಲಿನಂಥ ಬಿಳಿ. ಹಿಡಿದರೆ ಸರಸರ ಎನ್ನುತ್ತಿತ್ತು. ತಾನೇ ಕೂತು ಎರಡು ಅಳತೆಗೂ ಒಪ್ಪವಾದ ಚೌಕಗಳನ್ನು ಕತ್ತರಿಸಿದ. ಹೆಂಡತಿ ಒಂದು ಚೌಕವನ್ನು ಎತ್ತಿ ಬೆರಳುಗಳ ನಡುವೆ ಉಜ್ಜಿದಳು.

"ಇದು ಗಂಜಿಯ ಬಲದಿಂದ ನಿಂತಿದೆ. ನಾಲ್ಕು ಸಲ ಒಗೆದರೆ ಇದರ ಬಂಡವಾಳ ಗೊತ್ತಾಗುತ್ತದೆ. ಎರಡು ದಿನ ತಾಳಿ, ಒಗೆದು ಕೊಡುತ್ತೇನೆ" ಎಂದಳು.

"ಕೋವಿ ಹಿಡಿಯುವವನು ನಾನೋ ನೀನೋ?" ಎಂದ ದ್ಯಾವಣ್ಣ.

ಅವಳು ಆ ಚೌಕವನ್ನು ಉಳಿದವುಗಳ ಮೇಲಿಟ್ಟು ಎದ್ದು ಹೋದಳು.

ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಐದು ಆನೆಗಳು ರಾಗಿಯ ಹೊಲಕ್ಕೆ ಇಳಿದವು. ಊರವರು ತಮಟೆ ಹಿಡಿದು ಓಡಿದರು. ದ್ಯಾವಣ್ಣನೂ ಚೌಡನೂ ಕೋವಿಗಳೊಂದಿಗೆ ಬದುವಿನ ಮೇಲೆ ನಿಂತರು. ದ್ಯಾವಣ್ಣ ಹಾರಿಸಿದ. ಚೌಡ ತುಂಬಿ ಕೊಟ್ಟ. ಮತ್ತೆ ಹಾರಿಸಿದ. ನಾಲ್ಕು ಈಡಿಗೆ ಆನೆಗಳು ಹಿಂದಕ್ಕೆ ತಿರುಗಿದವು. ಒಂದು ಹೆಣ್ಣಾನೆ ಮಾತ್ರ ಹೊಲದ ನಡುವೆ ನಿಂತಿತ್ತು.

ಚೌಡ ಬಿಳಿಯ ಚೌಕವೊಂದನ್ನು ನೀರಿಗೆ ಅದ್ದಿ, ಗಜಕ್ಕೆ ಸಿಕ್ಕಿಸಿ, ನಳಿಗೆಗೆ ಇಳಿಸಿ ಎಳೆದ. ಬಟ್ಟೆಯನ್ನು ಕೊಡವಿ ನೆಲಕ್ಕೆ ಹಾಕಿ ಮದ್ದಿನ ಕೊಂಬಿಗೆ ಕೈಯಿಟ್ಟ. ಅವನ ಕಣ್ಣು ಆನೆಯ ಮೇಲಿತ್ತು.

ದ್ಯಾವಣ್ಣನ ಕಣ್ಣು ಮಾತ್ರ ನೆಲದ ಮೇಲೆ ಬಿತ್ತು. ಮಸಿ ಹತ್ತಿದ ಆ ತುಂಡಿಗೆ ಮೂರೇ ಮೂಲೆಗಳಿದ್ದವು. ನಾಲ್ಕನೆಯ ಮೂಲೆ ಹರಿದು ನಳಿಗೆಯೊಳಗೇ ಉಳಿದಿತ್ತು.

ನಿಲ್ಲಿಸು ಎಂದರೆ ಸಾಕಿತ್ತು. ಊರವರೆಲ್ಲ ಹಿಂದೆ ನಿಂತಿದ್ದರು. ಹೊಸ ಬಟ್ಟೆ ಹರಿಯಿತು ಎಂದು ಅವರೆದುರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಒಂದು ಚೂರು ಬಟ್ಟೆ, ಒದ್ದೆಯಾಗಿದೆ, ಏನಾಗುತ್ತದೆ ಎಂದುಕೊಂಡ. ಹಾಗೆ ಅಂದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಅವನಿಗಿತ್ತು.

ಚೌಡ ಮದ್ದು ಸುರಿದು, ಗಜ ಇಳಿಸಿ, ಬಲ ಅಂಗೈಯಿಂದ ಒತ್ತಿದ. ಗಂಜಿಯ ಆ ಚೂರು ನೀರು ಹೀರಿರಲಿಲ್ಲ. ಕಿಡಿ ತಗುಲಿ ತಳದಲ್ಲಿ ಕೆಂಡವಾಗಿ ಕೂತಿತ್ತು.

ಮದ್ದು ಸಿಡಿದ ಸದ್ದಿಗೆ ಹೆಣ್ಣಾನೆ ಓಡಿತು. ಊರವರು ಕೇಕೆ ಹಾಕಿದರು. ಚೌಡ ಬದುವಿನ ಮೇಲೆ ಕೂತಿದ್ದುದನ್ನು ಅವರು ನೋಡಿದ್ದು ಆಮೇಲೆ.

ಚೌಡ ಬದುಕಿದ. ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಕುಂಬಾರನ ಚಕ್ರ ಗೋಡೆಗೆ ಒರಗಿತು. ಅವನ ಹೆಂಡತಿ ಕಂಡವರ ಗದ್ದೆಗೆ ಕೂಲಿಗೆ ಹೋದಳು. ಊರವರು ಹಣೆಬರಹ ಎಂದರು. ದ್ಯಾವಣ್ಣ ದಿನವೂ ಸ್ನೇಹಿತನನ್ನು ನೋಡಲು ಹೋಗುತ್ತಿದ್ದ. ಚೌಡ ದಿನವೂ ಒಂದೇ ಮಾತು ಹೇಳುತ್ತಿದ್ದ: "ನನ್ನ ಅವಸರವೇ ನನ್ನನ್ನು ತಿಂದಿತು, ದ್ಯಾವಣ್ಣ. ಸರಿಯಾಗಿ ಒರೆಸಲಿಲ್ಲ ನಾನು."

ದ್ಯಾವಣ್ಣ ಬಾಯಿ ತೆರೆಯುತ್ತಿದ್ದ. ಹೇಳಲಾಗದೆ ಎದ್ದು ಬರುತ್ತಿದ್ದ. ಹೀಗೆ ಒಂದು ವರ್ಷವಾಯಿತು.

ವರ್ಷದ ಮೇಲೆ ಒಂದು ದಿನ ಅವನು ಹೋದಾಗ, ಚೌಡ ಎಡಗೈಯಿಂದ ಹಣತೆ ಮಾಡಲು ಹೆಣಗುತ್ತಿದ್ದ. ಮಣ್ಣು ಒಂದು ಕಡೆಗೆ ವಾಲಿತು. "ಒಳ್ಳೆಯ ಕೈಯನ್ನು ನಾನೇ ಕಳೆದುಕೊಂಡೆ" ಎಂದು ಚೌಡ ತನ್ನನ್ನು ತಾನೇ ಬೈದುಕೊಂಡ.

ಅಂದು ದ್ಯಾವಣ್ಣ ಹೇಳಿದ. ಪೇಟೆಯ ಬಟ್ಟೆಯ ವಿಷಯ ಹೇಳಿದ. ಹೆಂಡತಿಯ ಮಾತು ಹೇಳಿದ. ಮೂರು ಮೂಲೆಯ ತುಂಡನ್ನು ತಾನು ಕಂಡದ್ದನ್ನೂ ಹೇಳಿದ.

ಚೌಡ ವಾಲಿದ ಮಣ್ಣನ್ನು ಎಡಗೈಯಿಂದ ಒತ್ತಿ ಮುದ್ದೆ ಮಾಡಿದ.

"ಕೈ ಹೋದದ್ದು ಹೋಯಿತು. ಇದನ್ನು ಅಂದೇ ಹೇಳಿದ್ದರೆ, ಈ ಒಂದು ವರ್ಷ ನಾನು ನನ್ನನ್ನೇ ಶಪಿಸಿಕೊಳ್ಳುತ್ತಿರಲಿಲ್ಲವಲ್ಲ, ದ್ಯಾವಣ್ಣ" ಎಂದ.

ಅವನು ಕ್ಷಮಿಸಿದೆ ಎನ್ನಲಿಲ್ಲ. ಮತ್ತೆ ಬರಬೇಡ ಎಂದೂ ಅನ್ನಲಿಲ್ಲ.

ದ್ಯಾವಣ್ಣ ಮನೆಗೆ ಬಂದು ಹೆಂಡತಿಯ ಎದುರು ಕೂತ. "ಬಟ್ಟೆ ಹೇಗೆ ಮಾಡುತ್ತೀ, ತೋರಿಸು" ಎಂದ. ಅವಳು ಹಳೆಯ ಮಾತು ಎತ್ತಲಿಲ್ಲ. ಪೆಟ್ಟಿಗೆಯಿಂದ ಒಂದು ಹಳೆಯ ಸೀರೆ ತೆಗೆದು ಬೂದಿನೀರಿಗೆ ಹಾಕಿದಳು.

ಅಂದಿನಿಂದ ಅವನು ಬೆಳಿಗ್ಗೆ ಚೌಡನ ಮನೆಗೆ ಹೋಗಿ ಮಣ್ಣು ತುಳಿಯುತ್ತಿದ್ದ. ಚೌಡನ ಹೆಂಡತಿ ಮೆಲ್ಲನೆ ಚಕ್ರ ಕಲಿತಳು. ಚೌಡ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ. ಮಧ್ಯಾಹ್ನ ದ್ಯಾವಣ್ಣ ಹಳೆಯ ಬಟ್ಟೆ ಒಗೆಯುತ್ತಿದ್ದ, ಬೆಳಕಿಗೆ ಹಿಡಿಯುತ್ತಿದ್ದ, ಕತ್ತರಿಸುತ್ತಿದ್ದ. ಸುತ್ತಲಿನ ಊರುಗಳಲ್ಲಿ ಕೋವಿ ಇದ್ದವರ ಮನೆಗೆಲ್ಲ ಹೋಗಿ ನಳಿಗೆಯ ಅಳತೆ ತೆಗೆದುಕೊಂಡು, ಸರಿಹೊಂದುವ ತುಂಡುಗಳನ್ನು ಕೊಟ್ಟು ಬರುತ್ತಿದ್ದ. ಹೋದಲ್ಲೆಲ್ಲ ಚೌಡನ ಕೈ ಹೋದ ಕತೆಯನ್ನು, ತನ್ನ ಪಾಲನ್ನು ಬಿಡದೆ, ಹೇಳುತ್ತಿದ್ದ. "ಒರೆಸಿ ತೆಗೆದ ಮೇಲೆ ತುಂಡಿನ ಮೂಲೆಗಳನ್ನು ಎಣಿಸಿ. ಕಡಿಮೆಯಾಗಿದ್ದರೆ, ಯಾರು ನಿಂತು ನೋಡುತ್ತಿದ್ದರೂ ಸರಿ, ನಿಲ್ಲಿಸು ಎಂದು ಕೂಗಿ" ಎನ್ನುತ್ತಿದ್ದ.

ಕೆಲವರು ಅವನನ್ನು ಪುಣ್ಯಾತ್ಮ ಎಂದರು. ಹಾಗೆಂದವರ ಮನೆಯಲ್ಲಿ ಅವನು ನೀರು ಕೂಡ ಕುಡಿಯದೆ ಎದ್ದು ಬರುತ್ತಿದ್ದ. ಇಪ್ಪತ್ತು ವರ್ಷ ಹೀಗೆ ಕಳೆದು ಅವನು ತೀರಿಕೊಂಡ. ಚೌಡ ಎಡಗೈಯಿಂದ ಅವನಿಗೆ ಮಣ್ಣು ಹಾಕಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಹಾಗಾದರೆ ಅವನ ತಪ್ಪು ತೊಳೆದುಹೋಯಿತೇ, ಗುರುಗಳೇ?"

ಗುರುಗಳು ಶಿಷ್ಯನ ಮುಖ ನೋಡಿ ಹೇಳಿದರು:

"ಅದನ್ನು ಅವನು ಯಾರನ್ನೂ ಕೇಳಲಿಲ್ಲ, ಮಗು, ಯಾರಿಗೆ ಹೇಳಬೇಕಾಗಿತ್ತೋ ಅವನ ಮನೆಗೆ ಹೋದ."