ಹಿಂದಿನ ಗಾಲಿಯ ಕಳ್ಳ

ಪಣಕ್ಕಿದ್ದದ್ದು ಒಬ್ಬ ಡ್ರೈವರನ ಒಂದು ತಿಂಗಳ ಸಂಬಳ, ಜೊತೆಗೆ ಅವನ ಒಳ್ಳೆಯ ಹೆಸರು. ನಮ್ಮ ಮೆಣಸಿನಕಾಯಿ ಪೇಟೆಯ ಸಾವಕಾರ ಗುರುಪಾದಪ್ಪನವರ ಕಾರು ಏಕಾಏಕಿ ವಿಪರೀತ ಪೆಟ್ರೋಲು ಕುಡಿಯತೊಡಗಿತ್ತು. ಅವರು ಡ್ರೈವರನನ್ನು ನಡುಪೇಟೆಯಲ್ಲೇ ನಿಲ್ಲಿಸಿ ಕೂಗಿದರು: "ಪೆಟ್ರೋಲ್ ಮಾರ್ಕೊಂಡು ತಿಂತೀಯೇನಲೇ? ಕಳ್ಳನ್ನ ತೋರ್ಸು, ಇಲ್ಲಾ ಸಂಬಳ ಬಿಟ್ಟು ಹೋಗು!"

"ತೋರಸ್ತೀನ್ರಿ. ಒಂದು ಸುತ್ತು ಹೋಗಿ ಬರೂಣು, ಹತ್ರಿ."

ಡ್ರೈವರ ಬ್ರೇಕು ತುಳಿಯದೆ ನಿಧಾನವಾಗಿ ಪೇಟೆ ಸುತ್ತಿಸಿ ತಂದು ನಿಲ್ಲಿಸಿದ. "ಸಾವಕಾರ್ರ, ಕಳ್ಳ ಹಿಂದಿನ ಗಾಲಿಯೊಳಗ ಕುಂತಾನ್ರಿ. ಮುಟ್ಟಿ ನೋಡ್ರಿ."

ಸಾವಕಾರರು ಗಾಲಿಯ ನಡುವಿನ ಕಬ್ಬಿಣಕ್ಕೆ ಅಂಗೈ ಊರಿದರು. ಕಾದ ಕಬ್ಬಿಣ ಚುರ್ ಎಂದು ಸುಟ್ಟಿತು; ಹೌಹಾರಿ ಹಿಂದೆ ಸರಿದರು. ಸುತ್ತ ನೆರೆದಿದ್ದ ಪೇಟೆಯ ಹಮಾಲರು ನಕ್ಕರು.

"ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಅದು ಗಾಲೀನ ಬಿಡವಲ್ದುರಿ. ಹಿಡಕೊಂಡ ಗಾಲೀನ ಎಳಿಯೂದ್ರಾಗ ಪೆಟ್ರೋಲ್ ಹೊಂಟೈತಿ."

"ಅಷ್ಟು ಬಿಗಿಯಾಗಿ ಹಾಕಿದಂವ ಯಾರಲೇ?"

"ಹೋದ ತಿಂಗಳ ಪರಊರ ಮದುವಿಗೆ ಹೋಗೂಮುಂದ, ನಾ ಗಾಡಿ ಮುಟ್ಟಬಾರದಂತ ನೀವ ಹಾಕಿ, ಚಾವಿ ಕಿಸೇದಾಗ ಇಟಗೊಂಡು ಹೋಗಿದ್ರಲ್ರಿ. ಗಾಡಿ ಅಷ್ಟೂ ದಿನ ಮಳ್ಯಾಗ ನಿಂತು ಬ್ರೇಕ್ ತುಕ್ಕು ಹಿಡೀತು. ನಿಮ್ಮ ಕೈ ಹಿಡದದ್ದನ್ನ ಸುಮ್ಮನ ಬಿಡೂದಿಲ್ರಿ."

ಆ ಮಾತನ್ನು ಸಾವಕಾರರು ನಿಜ ಮಾಡಿದರು. ರಿಪೇರಿ ಖರ್ಚೆಂದು ಡ್ರೈವರನ ಆ ತಿಂಗಳ ಸಂಬಳ ಹಿಡಿದುಕೊಂಡರು.

ಒಟ್ಟು ಗಳಿಕೆ ಇಷ್ಟು: ಕಾರಿಗೆ ಹೊಸ ಬ್ರೇಕು, ಸಾವಕಾರರ ಅಂಗೈಗೆ ಬೊಬ್ಬೆ, ಡ್ರೈವರನಿಗೆ ಕಳ್ಳನಲ್ಲ ಎಂಬ ಹೆಸರು. ಆ ಹೆಸರಿಗೆ ನಮ್ಮ ಪೇಟೆಯಲ್ಲಿ ದರ ಕೂಗುವವರಿಲ್ಲ.