ಪಕ್ಕದ ಹಲ್ಲು

“ಗುರುಗಳೇ, ಈ ಒರಟು ಮಾಪಕವನ್ನು ಕಿತ್ತುಹಾಕಲೇ?” ಎಂದು ಪಾರ್ಶ್ವನಾಥ ಕೇಳಿದ. ಬೆಳಕಿನ ಕಂಪನವನ್ನು ಅಳೆಯುವ ಲೇಸರ್ ಪೆಟ್ಟಿಗೆಯೊಂದನ್ನು ಅವನು ಕಟ್ಟುತ್ತಿದ್ದ. ಅದು ಅಂಗೈಯಗಲಕ್ಕೆ ಇಳಿಯಬೇಕೆಂಬುದು ಅವನ ಹಟ. “ಲೇಸರ್ ಹದಿನೈದು ಅಂಕಿಯವರೆಗೆ ಹೇಳುವಾಗ ನಾಲ್ಕೇ ಅಂಕಿ ಬಲ್ಲ ಇದು ಯಾಕೆ ಬೇಕು?”

ಹಿರೇಮಠ ಗುರುಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಕತೆ ಹೇಳಿದರು.

ಒಬ್ಬ ಕಸುಬುದಾರನಿದ್ದ. ಅವನೂ ಇಂಥದೇ ಪೆಟ್ಟಿಗೆ ಮಾಡಿದ. ಅದರ ಲೇಸರ್ ಕಣ್ಣಿಗೆ ನಿಲುಕದ ವೇಗದಲ್ಲಿ ಮಿಣುಕುತ್ತಿತ್ತು. ಆ ಬೆಳಕು ಬಾಚಣಿಗೆಯ ಹಲ್ಲುಗಳಂತೆ ಸಮದೂರದ ಗೆರೆಗಳಾಗಿ ಹರಡುತ್ತಿತ್ತು. ಅಳೆಯಬೇಕಾದ ಬೆಳಕನ್ನು ಒಂದು ಹಲ್ಲಿಗೆ ಹೊಂದಿಸಿದರೆ ಅದರ ಕಂಪನ ಕೂದಲೆಳೆಯಷ್ಟೂ ತಪ್ಪದೆ ಸಿಗುತ್ತಿತ್ತು. ಆದರೆ ಹಲ್ಲುಗಳೆಲ್ಲ ಒಂದೇ ರೂಪ. ಹೊಂದಿಸಿದ್ದು ಯಾವ ಹಲ್ಲಿಗೆ ಎಂದು ಹೇಳಲು ಒರಟು ಮಾಪಕವೇ ಬೇಕು. ಊರು ಯಾವುದೆಂದು ತಿಳಿಯದೆ ಮನೆ ಹುಡುಕಲಾಗುತ್ತದೆಯೇ?

ಕಸುಬುದಾರ ಮಾಪಕದ ನೆರವಿನಿಂದ ಸರಿಯಾದ ಹಲ್ಲನ್ನು ಹಿಡಿದ. ಆಮೇಲೆ ಏರಿದ ಏಣಿಯನ್ನೇ ಒದ್ದ. ಮಾಪಕ ಹೊರಬಿತ್ತು, ಪೆಟ್ಟಿಗೆ ಅರ್ಧಕ್ಕಿಳಿಯಿತು. ನೋಡಿದವರೆಲ್ಲ ಹೊಗಳಿದರು. ಹೊಗಳಿಕೆಗೆ ಉಬ್ಬದವರು ಯಾರಿದ್ದಾರೆ? ಅವನೂ ಉಬ್ಬಿದ.

ಅವನ ತಮ್ಮ ಬೆಟ್ಟದಲ್ಲಿ ಸುರಂಗ ಕೊರೆಯುವ ಕೆಲಸದಲ್ಲಿದ್ದ. ಒಳಗೆ ವಿಷಗಾಳಿಯ ಭಯವಿತ್ತು. ಆ ಗಾಳಿ ಒಂದು ಕಂಪನದ ಬೆಳಕನ್ನು ನುಂಗುತ್ತದೆ, ಪಕ್ಕದ ಕಂಪನವನ್ನು ಮುಟ್ಟುವುದಿಲ್ಲ. ಬೆಳಕು ಕುಂದಿದರೆ ವಿಷವಿದೆ, ಕುಂದದಿದ್ದರೆ ಇಲ್ಲ. ಕಸುಬುದಾರ ಮೊದಲು ಹಿಡಿದಿದ್ದ ಹಲ್ಲು ಆ ಗಾಳಿ ನುಂಗುವ ಕಂಪನದ್ದೇ. ಅವನು ಪೆಟ್ಟಿಗೆಯನ್ನು ಜೀಪಿನಲ್ಲಿಟ್ಟುಕೊಂಡು ಹೊರಟ. ದಾರಿಯ ಕುಲುಕಾಟಕ್ಕೆ ಬೆಳಕು ತನ್ನ ಹಲ್ಲು ಬಿಟ್ಟು ಪಕ್ಕದ ಹಲ್ಲಿಗೆ ಅಂಟಿಕೊಂಡಿತು. ಪರದೆಯ ಮೇಲಿನ ಅಂಕಿಗಳು ಮೊದಲಿನಂತೆಯೇ ಇದ್ದವು. ಹಲ್ಲು ಬದಲಾಗಿದೆಯೆಂದು ಹೇಳಬೇಕಾದ ಮಾಪಕ ಮನೆಯಲ್ಲಿ ಬಿದ್ದಿತ್ತು.

ಸುರಂಗದ ಬಾಯಲ್ಲಿ ಅವನು ಬೆಳಕು ಹಾಯಿಸಿದ. ಅದು ಕುಂದಲಿಲ್ಲ. ಇನ್ನೊಂದು ಸಲ ನೋಡಿ ಎಂದರು ಕೆಲಸದವರು. ಅವನು ಬೇಸರಿಸದೆ ಮತ್ತೆ ನೋಡಿದ. ಕೊನೆಯ ಅಂಕಿಯವರೆಗೂ ಅದೇ ಉತ್ತರ. ಒಳಗೆ ಹೋಗುವವನು ಒಡಹುಟ್ಟಿದವನು ಎಂಬ ಅಳುಕು ಆಗ ಅವನ ಮನಸ್ಸಿನಿಂದ ಹೋಯಿತು.

“ಅಣ್ಣ ಅಳೆದಿದ್ದಾನೆ ಅಂದ್ಮೇಲೆ ಇನ್ನೇನ್ರೋ, ನಡೀರಿ,” ಎಂದ ತಮ್ಮ.

ತಮ್ಮನೂ ಇಬ್ಬರು ಜೊತೆಗಾರರೂ ಒಳಗೆ ಹೋದರು. ಹೊರಗೆ ತಂದಾಗ ಮೂವರಲ್ಲೂ ಉಸಿರಿರಲಿಲ್ಲ. ಕಸುಬುದಾರ ತಮ್ಮನ ಮುಖ ನೋಡಲಾರದೆ ಪೆಟ್ಟಿಗೆಯ ಕಡೆ ತಿರುಗಿದ. ಮತ್ತೆ ಬೆಳಕು ಹಾಯಿಸಿದ. ಗಾಳಿ ಶುದ್ಧವಾಗಿದೆ ಎಂದೇ ಪೆಟ್ಟಿಗೆ ಹೇಳಿತು.

ಗುರುಗಳು ಕತೆ ನಿಲ್ಲಿಸಿದರು. ಪಾರ್ಶ್ವನಾಥನಿಗೆ ಸಂಕಟವಾಯಿತು. ಆದರೂ ಅಳೆಯುವವನ ಚಾಳಿ ಬಿಡಲಿಲ್ಲ.

“ಅವನ ಅಳತೆಯಲ್ಲಿ ತಪ್ಪು ಎಷ್ಟಿತ್ತು, ಗುರುಗಳೇ?”

“ಮೂರು ಹೆಣ,” ಎಂದರು ಗುರುಗಳು.